ಕೇಳುವಷ್ಟು ದೂರದಲ್ಲಿ

ಮತ್ತೆ ಏರಿತು. ವಾಕ್ಯದ ನಡುವಿಗೆ ಬಂದಾಗಲೆಲ್ಲ ದನಿ ಒಲೆಯ ಮೇಲಿನ ಹಾಲಿನ ಹಾಗೆ ತಾನಾಗಿ ಮೇಲೇರಿಬಿಡುತ್ತಿತ್ತು.

"ಒಬ್ಬರನ್ನು ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕಿದಾಗ, ಅವರ ದನಿ ಕೇಳುವಷ್ಟು ದೂರದಲ್ಲಿ ಇನ್ನೊಬ್ಬರು ಕೂತಿರಬೇಕು."

ಬಚ್ಚಲಿನ ಕನ್ನಡಿಯಲ್ಲಿ ತನ್ನ ಗಂಟಲನ್ನೇ ನೋಡುತ್ತ ಅವಳು ಅದನ್ನು ಹೇಳಿ ಹೇಳಿ ನೋಡಿದಳು. ತೊಂದರೆ ಇದ್ದದ್ದು 'ಕೂಡಿಹಾಕಿದಾಗ' ಎಂಬಲ್ಲಿ. ಅದನ್ನು ತೆಗೆದು 'ಇರಿಸಿದಾಗ' ಎಂದು ಮಾಡಿದಳು. ಈಗ ದನಿ ಏರಲಿಲ್ಲ. ಕತ್ತಿನ ನರವೂ ಉಬ್ಬಲಿಲ್ಲ. ವಾಕ್ಯ ಮಾತ್ರ ಸ್ವಲ್ಪ ಸತ್ತಂತಾಯಿತು. ಅಡ್ಡಿಯಿಲ್ಲ. ಸಮಿತಿ ಒಪ್ಪುವುದು ಅಂಥ ವಾಕ್ಯಗಳನ್ನೇ.

ಬಾಗಿಲ ಮೇಲೆ ಬೆರಳ ಗೆಣ್ಣಿನ ಸದ್ದು.

"ಯಾರ ಹತ್ರ ಮಾತಾಡ್ತಿದ್ದೀಯ?" ಗಂಡ.

"ಯಾರ ಹತ್ರಾನೂ ಇಲ್ಲ."

ಈ ಮನೆಯಲ್ಲಿ ಕೊಡಬಾರದ ಉತ್ತರ ಅದು ಎಂದು ಹೇಳಿದ ಮೇಲೆ ಹೊಳೆಯಿತು. "ಮೀಟಿಂಗಿಗೆ ಅಭ್ಯಾಸ ಮಾಡ್ತಿದ್ದೆ," ಎಂದು ಸೇರಿಸಿದಳು.

"ಮಾತ್ರೆ ತಗೊಂಡ್ಯಾ?"

"ತಗೊಂಡೆ."

"ಸುಮ್ನೆ ಕೇಳ್ದೆ."

ಆಸ್ಪತ್ರೆಯಿಂದ ಬಂದ ಮೇಲೆ ಅವನು ಕೇಳುವುದೆಲ್ಲ ಸುಮ್ಮನೆಯೇ. ನಿದ್ದೆ ಬಂತಾ, ಸುಮ್ನೆ ಕೇಳ್ದೆ. ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ, ಸುಮ್ನೆ ಕೇಳ್ದೆ. ಒಳ್ಳೆಯವನು. ಇಷ್ಟು ಒಳ್ಳೆಯವನಲ್ಲದಿದ್ದರೆ ಜಗಳವಾದರೂ ಆಡಬಹುದಿತ್ತು.

ಅವಳು ನಗರದ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞೆ. ಕೆಲವು ವರ್ಷಗಳ ಹಿಂದೆ ಒಂದಷ್ಟು ತಿಂಗಳು ಮಾನಸಿಕ ಆಸ್ಪತ್ರೆಯಲ್ಲಿದ್ದಳು. ಈಗ ಅದೇ ಆಸ್ಪತ್ರೆಯ ನಿಯಮಗಳನ್ನು ತಿದ್ದುವುದಕ್ಕೆ ಸರ್ಕಾರ ಒಂದು ಸಮಿತಿ ಮಾಡಿದೆ. ಅಲ್ಲಿ ಇದ್ದು ಬಂದ ಇಬ್ಬರಾದರೂ 'ಅನುಭವಿ ಸದಸ್ಯ'ರಾಗಿರಬೇಕೆಂದು ಆದೇಶ. ಒಬ್ಬಳು ಅವಳು. ಇನ್ನೊಬ್ಬ ಒಬ್ಬ ದರ್ಜಿ. ಉಳಿದವರಿಗೆ ಅನುಭವವಿಲ್ಲವಾದ್ದರಿಂದ ಅವರು ಬರೀ ಸದಸ್ಯರು.

ವಿರಾಮದ ನಿಯಮವನ್ನು ತಂದವಳೂ ಅವಳೇ. ಮೊದಲ ಸಭೆಯಲ್ಲಿ ದರ್ಜಿ ತನ್ನ ವಾರ್ಡಿನ ದಿನಗಳನ್ನು ಹೇಳುತ್ತ ಗಂಟಲು ಕಟ್ಟಿ ನಿಂತುಬಿಟ್ಟ. ಎಲ್ಲರೂ ತಮ್ಮ ತಮ್ಮ ತಟ್ಟೆಯ ಬಿಸ್ಕತ್ತು ನೋಡುತ್ತ ಕೂತರು. ಅನುಭವಿ ಸದಸ್ಯರಿಗೆ ಸಂಕಟವಾದರೆ ಹತ್ತು ನಿಮಿಷ ವಿರಾಮ ಕೊಡಬೇಕು, ವಿರಾಮದಲ್ಲಿ ಆಡಿದ ಮಾತು ನಡಾವಳಿಗೆ ಸೇರಬಾರದು ಎಂದು ಅವಳು ಸೂಚಿಸಿದಳು. ಅಧ್ಯಕ್ಷರಿಗೆ ಅದು ಎಷ್ಟು ಹಿಡಿಸಿತೆಂದರೆ ಅಲ್ಲೇ ಅಂಗೀಕರಿಸಿದರು. ಸಮಿತಿ ಇದುವರೆಗೆ ಪೂರ್ತಿಯಾಗಿ ಜಾರಿಗೆ ತಂದ ಸುಧಾರಣೆ ಅದೊಂದೇ.

ಸಂಕಟ ಎಲ್ಲಿ ಮುಗಿದು ಭಿನ್ನಾಭಿಪ್ರಾಯ ಎಲ್ಲಿ ಶುರುವಾಗುತ್ತದೆ ಎಂದು ಬರೆಸುವುದನ್ನು ಅವಳು ಮರೆತಿದ್ದಳು. ಅಳತೆಯ ಕೆಲಸ ಮಾಡುವವಳು ಮಾಡಬಾರದ ತಪ್ಪು. ಕಳೆದ ಸಭೆಯಲ್ಲಿ "ಇದು ಸರಿಯಲ್ಲ" ಎಂದಳು, ದನಿ ತುಸು ಏರಿತು, ಅಧ್ಯಕ್ಷರು ಮಮತೆಯಿಂದ ವಿರಾಮ ಕೊಟ್ಟರು. ವಿರಾಮ ಮುಗಿಯುವಷ್ಟರಲ್ಲಿ ಸಭೆ ಮುಂದಿನ ಕಲಮಿಗೆ ಹೋಗಿಯಾಗಿತ್ತು. ನಡಾವಳಿಯಲ್ಲಿ 'ಯಾವ ಆಕ್ಷೇಪವೂ ದಾಖಲಾಗಲಿಲ್ಲ' ಎಂದಿತ್ತು. ಸುಳ್ಳೇನಲ್ಲ. ಆಕ್ಷೇಪದ ಮುಖ್ಯ ಭಾಗ ಬಂದದ್ದು ವಿರಾಮದಲ್ಲಿ.

ಇವತ್ತು ಒಂಟಿ ಕೋಣೆಯ ಕಲಮು. ಇವತ್ತು ದನಿ ಏರಕೂಡದು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ತಡೆದ. "ಒಳರೋಗಿ ನೋಡೋಕಾ, ಹೊರರೋಗಿನಾ?"

"ಸಮಿತಿ."

"ಅದು ಯಾವ ಕಡೆ ವಾರ್ಡು?"

ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳು ಆಡಳಿತ ಕಟ್ಟಡದ ಕಡೆ ಕೈ ತೋರಿಸಿ ಒಳಗೆ ನಡೆದಳು.

ಸಭಾಕೋಣೆಯ ಹೊರಗಿನ ಬೆಂಚಿನ ಮೇಲೆ ದರ್ಜಿ ಕೂತಿದ್ದ. ಒಗೆದು ಇಸ್ತ್ರಿ ಮಾಡಿದ ಷರಟು, ಎಣ್ಣೆ ಹಚ್ಚಿ ಬಾಚಿದ ಬಿಳಿ ಕೂದಲು. "ಬಂದ್ರಾ ಇರುವೆ ಮೇಡಂ," ಎಂದ. ಸಮಿತಿಯವರೆಲ್ಲ ಅವಳ ಬೆನ್ನ ಹಿಂದೆ ಆಡುವ ಹೆಸರನ್ನು ಎದುರಿಗೆ ಆಡುವವನು ಅವನೊಬ್ಬನೇ. ಅದಕ್ಕೇ ಅವನ ಮೇಲೆ ಅವಳಿಗೆ ಸ್ವಲ್ಪ ನಂಬಿಕೆ.

"ಇವತ್ತು ನೀವು ನನ್ನ ಜೊತೆ ಕೈ ಎತ್ತಬೇಕು," ಎಂದಳು.

"ಎತ್ತೋಣ ತಂಗಿ. ಮೊದ್ಲು ಟೀ ಬರ್ಲಿ."

"ಟೀಗೂ ಇದಕ್ಕೂ ಏನು ಸಂಬಂಧ?"

"ಹೋದ ಸಲ ನೀವು ವಿರಾಮ ಬೇಗ ಮಾಡಿಸಿಬಿಟ್ರಿ. ಟೀ ಇನ್ನೂ ಕುದ್ದೇ ಇರ್ಲಿಲ್ಲ." ಅವನು ಒಳಗೆ ಇಣುಕಿ ದನಿ ತಗ್ಗಿಸಿದ. "ಅಧ್ಯಕ್ಷರ ಕೋಟು ನೋಡಿದ್ರಾ? ಬಲಗಡೆ ಭುಜ ಒಂದು ಚೂರು ಇಳಿದಿದೆ. ಹೇಳೋಣ ಅನ್ಸುತ್ತೆ. ಆಮೇಲೆ ಇವನಿಗೆ ಮತ್ತೆ ಶುರುವಾಯ್ತು ಅಂದ್ಬಿಟ್ರೆ?"

ಅವಳು ನಗಲಿಲ್ಲ. "ಎತ್ತುತ್ತೀರಿ ತಾನೆ?"

"ನಂಗೂ ಆ ಕೋಣೆ ಗೊತ್ತಲ್ವಾ ತಂಗಿ," ಎಂದ ದರ್ಜಿ. ಅದು ಹೌದು ಎಂದಂತೆ ಕೇಳಿಸಿತು.

ಉದ್ದನೆಯ ಮೇಜು. ತುದಿಯಲ್ಲಿ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು. ಅವರ ಬಲಕ್ಕೆ ಆಸ್ಪತ್ರೆಯ ಹಿರಿಯ ವೈದ್ಯರು. ಎಡಕ್ಕೆ ಇಲಾಖೆಯಿಂದ ಇವತ್ತೇ ಬಂದ ಇಬ್ಬರು ಅತಿಥಿಗಳು. ಅವಳ ಪಕ್ಕದ ಕುರ್ಚಿಯಲ್ಲಿ ಜೊತೆಗಾತಿ. ಅನುಭವಿ ಸದಸ್ಯರಿಗೆ ಆಸರೆಯಾಗಿರಲೆಂದು ಸಮಿತಿ ನೇಮಿಸಿದ, ಅವಳದೇ ವಯಸ್ಸಿನ, ಮೆತ್ತಗಿನ ಮಾತಿನ ಹೆಂಗಸು. ಜೊತೆಗಾತಿಯ ಕೆಲಸ ಒಂದೇ: ಪಕ್ಕದವರಿಗೆ ಸಂಕಟವಾಗುತ್ತಿದೆ ಅನ್ನಿಸಿದ ಕೂಡಲೇ ನೀರಿನ ಲೋಟವನ್ನು ಅವರ ಕಡೆಗೆ ಸರಿಸುವುದು. ಲೋಟ ಸರಿದದ್ದು ಕಂಡರೆ ಅಧ್ಯಕ್ಷರು ವಿರಾಮ ಸಾರುತ್ತಿದ್ದರು. ಅವಳು ಕೂತವಳೇ ಲೋಟ ಎಲ್ಲಿದೆ ಎಂದು ನೋಡಿಕೊಂಡಳು. ಜೊತೆಗಾತಿಯ ಕೈಯಿಂದ ಒಂದು ಗೇಣು. ಕೈಗಳನ್ನು ಮೇಜಿನ ಮೇಲಿಟ್ಟಳು. ಮುಷ್ಟಿ ಆಗಬಾರದು. ತೀರಾ ಚಪ್ಪಟೆಯಾಗಿಯೂ ಇರಬಾರದು, ಅದೂ ಅನುಮಾನಕ್ಕೆ ಎಡೆ.

"ಈ ಕರಡು ಓದಿ ಓದಿ ತಲೆ ಕೆಟ್ಟುಹೋಯ್ತು," ಎಂದು ಅಧ್ಯಕ್ಷರು ನಕ್ಕರು. ತಕ್ಷಣ ಅವಳ ಕಡೆ, ದರ್ಜಿಯ ಕಡೆ ನೋಡಿ ಕೆಮ್ಮಿದರು. "ಅಂದ್ರೆ, ತಲೆನೋವು ಬಂತು."

"ನನಗೂ ತಲೆ ಕೆಟ್ಟಿತ್ತು ಸರ್," ಎಂದ ದರ್ಜಿ. "ಆದ್ರೆ ನಾನು ಓದೋಕೆ ಮುಂಚೆ."

ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಕ್ಕರು.

"ಅತಿಥಿಗಳು ಹೊಸಬರು," ಎಂದು ಅಧ್ಯಕ್ಷರು ಅವಳತ್ತ ತಿರುಗಿದರು. "ಮೊದಲು ನಿಮ್ಮ ಇರುವೆ ಪ್ರಸಂಗ ಹೇಳಿಬಿಡಿ. ಅದನ್ನ ಕೇಳದೆ ಈ ಕಲಮು ಯಾರಿಗೂ ಅರ್ಥ ಆಗಲ್ಲ."

"ಇವತ್ತು ಅದು ಬೇಡ ಸರ್. ನೇರವಾಗಿ ಕಲಮಿನ ಮೇಲೆ ಮಾತಾಡ್ತೀನಿ."

ಜೊತೆಗಾತಿ ಅವಳ ಮುಖ ನೋಡಿದಳು. ಲೋಟ ಅಲ್ಲೇ ಇತ್ತು.

ಅವಳು ಮಾತಾಡಿದಳು. ರೋಗಿಯನ್ನು ಒಂಟಿಯಾಗಿ ಇರಿಸಿದಾಗ ಅರ್ಧ ಗಂಟೆಗೊಮ್ಮೆ ಬಂದು ನೋಡತಕ್ಕದ್ದು ಎಂದು ಕರಡು ಹೇಳುತ್ತದೆ. ನೋಡುವುದು ಬೇರೆ, ಕೇಳುವುದು ಬೇರೆ. ಎರಡು ನೋಟಗಳ ನಡುವೆ ಉಸಿರು ಕಟ್ಟಬಹುದು, ವಾಂತಿ ಆಗಬಹುದು, ಬಾಯಾರಬಹುದು. ಆದ್ದರಿಂದ ಕೇಳುವಷ್ಟು ದೂರದಲ್ಲಿ ಒಬ್ಬರು ಕೂತಿರಬೇಕು. ದನಿ ಒಂದು ಕೂದಲೆಳೆಯಷ್ಟೂ ಏರಲಿಲ್ಲ. ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ವರದಿ ಓದಿದ ಹಾಗಿತ್ತು. ಕಂಕುಳಲ್ಲಿ ಬೆವರು ಇಳಿಯುತ್ತಿರುವುದು ಯಾರಿಗೂ ಕಾಣುವಂತಿರಲಿಲ್ಲ.

ಅಧ್ಯಕ್ಷರು ತಲೆದೂಗಿದರು. "ತುಂಬಾ ಚೆನ್ನಾಗಿ ಹೇಳಿದ್ರಿ. ಆದ್ರೆ ನೋಡಿ, ಬೇಜಾರು ಮಾಡ್ಕೋಬೇಡಿ. ಇದನ್ನ ಯಾರು ಬೇಕಾದ್ರೂ ಹೇಳಬಹುದು. ನರ್ಸ್ ಹೇಳಬಹುದು, ಇಂಜಿನಿಯರ್ ಹೇಳಬಹುದು. ನಿಮ್ಮಿಂದ ನಮಗೆ ಬೇಕಾದ್ದು ಅನುಭವ."

ಅತಿಥಿಗಳು ಪೆನ್ನು ಹಿಡಿದು ಕಾಯುತ್ತಿದ್ದರು.

ಅವಳು ಇರುವೆ ಪ್ರಸಂಗ ಹೇಳಿದಳು. ಒಂಟಿ ಕೋಣೆಯಲ್ಲಿ ಮಂಚಕ್ಕೆ ಕೈ ಕಟ್ಟಿದ್ದರು. ಕಿವಿಯೊಳಗೆ ಇರುವೆ ಹೋಯಿತು. ಕೆರೆದುಕೊಳ್ಳುವ ಹಾಗಿಲ್ಲ. ಕಿವಿಯಲ್ಲಿ ಇರುವೆ ಇದೆ, ಯಾರಾದರೂ ಬನ್ನಿ ಎಂದು ಕೂಗಿದಳು. ಒಳಗೆ ಅದರ ಕಾಲಿನ ಸದ್ದು ಗುಡುಗಿನ ಹಾಗೆ. ಯಾರೂ ಬರಲಿಲ್ಲ. ಬಂದಾಗ ಅವಳಿಗೆ ದನಿಯೇ ಇರಲಿಲ್ಲ. ಕಡತದಲ್ಲಿ 'ಕಿವಿಯಲ್ಲಿ ಕೀಟವಿದೆಯೆಂಬ ಭ್ರಮೆ' ಎಂದು ಬರೆದು ಔಷಧಿ ಹೆಚ್ಚಿಸಿದರು.

ಎಲ್ಲಿ ನಿಲ್ಲಿಸಿದರೆ ಕೇಳುವವರು ಉಸಿರು ಹಿಡಿಯುತ್ತಾರೆ, ಎಲ್ಲಿ ಬಿಡುತ್ತಾರೆ ಎಂದು ಅವಳಿಗೆ ಈಗ ಬಾಯಿಪಾಠವಾಗಿತ್ತು. ಅತಿಥಿಗಳಲ್ಲಿ ಒಬ್ಬ ತನ್ನ ಕಿವಿ ಮುಟ್ಟಿಕೊಂಡ. ಎಲ್ಲರೂ ಮುಟ್ಟಿಕೊಳ್ಳುತ್ತಿದ್ದದ್ದು ಸರಿಯಾಗಿ ಅಲ್ಲಿಯೇ.

"ಒಂದು ಸಣ್ಣ ವಿಷಯ," ಎಂದರು ಹಿರಿಯ ವೈದ್ಯರು. ಅವರ ದನಿ ಎಂದೂ ಏರುತ್ತಿರಲಿಲ್ಲ. ಅವರಿಗೆ ಏರಿಸಬೇಕಾದ ಅಗತ್ಯ ಬಿದ್ದಿರಲಿಲ್ಲ. "ತಪ್ಪು ತಿಳ್ಕೋಬೇಡಿ. ಮೂರನೇ ದಿನ ನಿಮ್ಮ ಕಿವಿ ಪರೀಕ್ಷೆ ಆಗಿದೆ. ಏನೂ ಇರ್ಲಿಲ್ಲ. ನಾನೇ ನೋಡಿದ್ದು."

"ಮೂರನೇ ದಿನ ತೆಗೆದ ಮಾದರಿ ಮೊದಲನೇ ದಿನದ ಬಗ್ಗೆ ಏನೂ ಹೇಳಲ್ಲ ಡಾಕ್ಟ್ರೇ." ಪ್ರಯೋಗಾಲಯದಲ್ಲಿ ದಿನವೂ ಹೇಳುವ ಮಾತು. ಸಲೀಸಾಗಿ ಬಂತು.

"ಖಂಡಿತ. ನಾನು ಕೇಳೋದಿಷ್ಟೆ. ಇರುವೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವಳು ಬಾಯಿ ತೆರೆದಳು. ಮೊದಲ ಸಭೆಯಲ್ಲಿ ಅವಳು ಹೇಳಿದ್ದು 'ಏನೋ ಹರಿದಾಡಿದ ಹಾಗಾಯಿತು' ಎಂದು. ಮುಂದಿನ ಸಲ ಅದು ಹುಳವಾಯಿತು. ಆಮೇಲೆ ಇರುವೆ. ನಡುವೆ ಯಾವನೋ ಅತಿಥಿ ಕೆಂಪಿರುವೆಯಾ ಕಪ್ಪಾ ಎಂದು ಕೇಳಿದ್ದ. ಅವಳು ಕಪ್ಪು ಎಂದಿದ್ದಳು. ತನ್ನ ಕಿವಿಯ ಒಳಗಿನದರ ಬಣ್ಣ. ಆ ಹೊತ್ತಿನಲ್ಲಿ ಅದು ಸುಳ್ಳು ಎನ್ನಿಸಿರಲೇ ಇಲ್ಲ. ಈಗ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಆ ಕೋಣೆಯಲ್ಲ. ಹಿಂದಿನ ಸಭೆಗಳಲ್ಲಿ ಅದನ್ನು ಹೇಳುತ್ತಿದ್ದ ತಾನು.

"ಇರುವೆ ಇತ್ತೋ ಇಲ್ವೋ," ಎಂದಳು. ದನಿ ಏರುತ್ತಿರುವುದು ತಿಳಿಯಿತು, ಮೆಟ್ಟಿಲು ತಪ್ಪಿದ ಕಾಲಿಗೆ ತಿಳಿಯುವ ಹಾಗೆ. "ಇರ್ಲಿಲ್ಲ ಅಂತಲೇ ಇಟ್ಕೊಳ್ಳಿ. ಇಲ್ದೇ ಇರೋ ಇರುವೆಗೆ ಕೂಗಿದ್ರೂ ಕೇಳೋಕೆ ಒಬ್ರು ಬೇಕಿತ್ತು. ನಾನು ಹೇಳ್ತಿರೋದು ಅದು. ನಾನು ಅಲ್ಲಿ ಕೂಗಿ ಕೂಗಿ..."

ಲೋಟ ಸರಿಯಿತು.

ಗಾಜು ಮರದ ಮೇಲೆ ಉಜ್ಜಿದ ಸಣ್ಣ ಸದ್ದು. ಅಧ್ಯಕ್ಷರು ಕನ್ನಡಕ ತೆಗೆದರು. "ಹತ್ತು ನಿಮಿಷ ವಿರಾಮ."

"ಬೇಡ ಸರ್. ನನಗೆ ಸಂಕಟ ಆಗ್ತಿಲ್ಲ. ನಾನು ಒಪ್ತಿಲ್ಲ, ಅಷ್ಟೇ."

"ನಿಯಮ ನಿಮ್ಮದೇ ಅಲ್ವಾ ತಾಯಿ," ಎಂದರು ಅಧ್ಯಕ್ಷರು, ಬಹಳ ಪ್ರೀತಿಯಿಂದ. ಕುರ್ಚಿಗಳು ಹಿಂದೆ ಸರಿದವು.

"ನೀರು ಕುಡೀರಿ," ಎಂದಳು ಜೊತೆಗಾತಿ. "ನಿಮ್ಮ ಕೈ ನೋಡಿ, ಹೇಗಾಗಿದೆ."

ಅವಳು ನೋಡಿಕೊಂಡಳು. ಮುಷ್ಟಿ.

ಹೊರಗೆ ಬೆಂಚಿನ ಮೇಲೆ ದರ್ಜಿ ಟೀ ಊದುತ್ತ ಕೂತಿದ್ದ. "ಈ ಸಲ ಹದವಾಗಿದೆ," ಎಂದ. ಅವಳು ಪಕ್ಕದಲ್ಲಿ ಕೂತಳು.

"ನೀವಾದ್ರೂ ಏನಾದ್ರೂ ಹೇಳಬಹುದಿತ್ತು."

"ಏನಂತ?"

"ನಿಮಗೂ ಆ ಕೋಣೆ ಗೊತ್ತು ಅಂದ್ರಲ್ಲ."

ದರ್ಜಿ ಲೋಟದ ಅಂಚು ಒರೆಸಿದ. "ನೀವು ಬಿಟ್ಟು ಬಂದವರು ತಂಗಿ. ಕೆಲ್ಸ ಇದೆ, ಯಜಮಾನ್ರು ಇದ್ದಾರೆ. ನಂಗೆ ಈ ಕಾಯಿಲೆ ಬಿಟ್ಟು ಹೋಗೋದೂ ಉಂಟು, ತಿರುಗಿ ಬರೋದೂ ಉಂಟು. ಬಂದಾಗ ಅಣ್ಣನ ಮಗ ತಂದು ಇಲ್ಲೇ ಬಿಡ್ತಾನೆ. ಆವಾಗ ಬಾಗಿಲು ಹಾಕೋರು ಯಾರು? ಇವರೇ." ಒಳಗೆ ಅತಿಥಿಗಳೊಂದಿಗೆ ನಗುತ್ತಿದ್ದ ವೈದ್ಯರ ಕಡೆ ಗದ್ದ ತಿರುಗಿಸಿದ. "ಮೇಜಿನ ಈ ಕಡೆ ಕೂತು ಅವರನ್ನ ಎದುರು ಹಾಕ್ಕೊಂಡು, ನಾಳೆ ಆ ಕಡೆ ಹೋಗಿ ಮಲಗೋದು ಹ್ಯಾಗೆ, ನೀವೇ ಹೇಳಿ."

"ಅದಕ್ಕೇ ಅಲ್ವಾ ನಿಯಮ ಬೇಕಾಗಿರೋದು."

"ನಿಯಮ ಇರುತ್ತೆ. ನಿಯಮದ ಜೊತೆ ರಾತ್ರಿ ಒಬ್ನೇ ಇರೋನು ನಾನು." ಟೀಯ ಕೊನೆಯ ಗುಟುಕು ಕುಡಿದು ಕೇಳಿದ, "ಇರುವೆ ಇತ್ತಾ, ನಿಜವಾಗ್ಲೂ?"

ಅವಳು ಕಿವಿಯತ್ತ ಹೋದ ಕೈಯನ್ನು ಮಡಿಲಿಗೆ ಇಳಿಸಿದಳು.

"ಇದ್ದಿರುತ್ತೆ ಬಿಡಿ," ಎಂದ ದರ್ಜಿ, ಮಗುವನ್ನು ಸಮಾಧಾನ ಮಾಡುವವನಂತೆ. ಅವಳಿಗೆ ಅವನನ್ನು ಹೊಡೆಯಬೇಕೆನ್ನಿಸಿತು.

ಒಳಗೆ ಹೋದಾಗ ಕಲಮಿಗೆ ತಿದ್ದುಪಡಿ ಸಿದ್ಧವಾಗಿತ್ತು. ಅವಳ ಭಾವನೆಗಳನ್ನು ಸಮಿತಿ ಆಳವಾಗಿ ಗೌರವಿಸುವುದರಿಂದ, ಅರ್ಧ ಗಂಟೆಗೊಮ್ಮೆ ನೋಡುವ ಬದಲು ಇನ್ನು ಮೇಲೆ ಕ್ಯಾಮೆರಾ ಮೂಲಕ ಎಡೆಬಿಡದೆ ನೋಡತಕ್ಕದ್ದು.

"ಕ್ಯಾಮೆರಾಗೆ ಕೇಳಿಸುತ್ತಾ?" ಎಂದಳು. ತಣ್ಣಗೆ, ಬೆರಳುಗಳನ್ನು ಬಿಡಿಸಿಟ್ಟು.

"ದನಿ ಮುದ್ರಿಸಿದ್ರೆ ರೋಗಿಯ ಖಾಸಗಿತನಕ್ಕೆ ಧಕ್ಕೆ," ಎಂದರು ವೈದ್ಯರು. "ಆ ಕಾಳಜಿ ಎತ್ತಿದ್ದು ನೀವೇ, ಎರಡನೇ ಸಭೆಯಲ್ಲಿ."

ನಿಜ. ಅವಳೇ ಎತ್ತಿದ್ದಳು.

ಕೈಗಳು ಎದ್ದವು. ದರ್ಜಿಯ ಕೈ ಎಲ್ಲರಿಗಿಂತ ಕೊನೆಗೆ ಎದ್ದಿತು, ಆದರೆ ಎಲ್ಲರಿಗಿಂತ ಎತ್ತರಕ್ಕೆ. ಅವನು ಅವಳ ಕಡೆ ನೋಡಲಿಲ್ಲ.

"ನನ್ನದು ವಿರೋಧ ಅಂತ ಬರೀರಿ," ಎಂದಳು.

ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು. "ಬರೆಸೋಣ. ಆದ್ರೆ ನೋಡದೇ ವಿರೋಧಿಸಿದ್ರು ಅನ್ನೋ ಮಾತು ನಿಮ್ಮ ಮೇಲೆ ಬರಬಾರದು. ಹೊಸ ನಮೂನೆಯ ಕೋಣೆ ಒಂದು ಕೆಳಗೆ ಸಿದ್ಧವಾಗಿದೆ. ಒಳಗೆ ಹೋಗಿ ನೋಡಿ. ನೋಡಿ ಬಂದು ಬೇಡ ಅಂದ್ರೆ ಬೇಡ. ಈ ಕಲಮಿನ ಮೇಲೆ ನಿಮ್ಮ ಮಾತೇ ಕೊನೆ ಮಾತು ಅಂತ ಬರೆಸ್ತೀನಿ. ಅತಿಥಿಗಳ ಎದುರು ಹೇಳ್ತಿದ್ದೀನಿ."

ಅಷ್ಟು ದೊಡ್ಡದನ್ನು ಅವಳಿಗೆ ಈ ಮೇಜಿನ ಸುತ್ತ ಯಾರೂ ಕೊಟ್ಟಿರಲಿಲ್ಲ. ಬೇಡ ಅನ್ನುವುದು ಹೇಗೆ?

ಎಲ್ಲರೂ ಕೆಳಗೆ ಇಳಿದರು. ಕಾರಿಡಾರಿನ ಕೊನೆಗೆ ಹೊಸ ಬಾಗಿಲು, ಅದರಲ್ಲಿ ಮುಖದಷ್ಟು ಅಗಲದ ದಪ್ಪ ಗಾಜು. ಒಳಗೆ ತಿಳಿಹಸಿರು ಗೋಡೆ, ಒತ್ತಿದರೆ ಒಳಹೋಗುವ ಮೆತ್ತೆ, ಮೂಲೆಯೇ ಇಲ್ಲದ ಮಂಚ. ಇರುವೆ ನುಸುಳುವುದಕ್ಕೂ ಒಂದು ಬಿರುಕಿಲ್ಲ, ನೋಡಿ ಎಂದು ವೈದ್ಯರು ಅವಳಿಗೆ ತೋರಿಸಿದರು. ವ್ಯಂಗ್ಯವಿರಲಿಲ್ಲ. ಅವಳಿಗೋಸ್ಕರವೇ ಮಾಡಿಸಿದ ಹಾಗೆ ಹೇಳಿದರು.

"ಬಾಗಿಲು ಹಾಕಬೇಕಾ?" ಎಂದಳು.

"ಹಾಕ್ದೇ ಇದ್ರೆ ಅನುಭವ ಪೂರ್ತಿ ಆಗಲ್ಲ ಅಲ್ವಾ," ಎಂದರು ಅಧ್ಯಕ್ಷರು. "ಸ್ವಲ್ಪ ಹೊತ್ತು, ಅಷ್ಟೇ. ನಾವೆಲ್ಲ ಇಲ್ಲೇ ಇರ್ತೀವಿ."

ಅವಳು ಒಳಗೆ ಹೋದಳು. ಬಾಗಿಲು ಸದ್ದಿಲ್ಲದೆ ಕೂತಿತು. ಅದರೊಂದಿಗೆ ಕಾರಿಡಾರಿನ ಮಾತು, ಚಪ್ಪಲಿ, ಕೆಮ್ಮು ಎಲ್ಲ ಕತ್ತರಿಸಿದಂತೆ ನಿಂತವು. ಕಿವಿಯಲ್ಲಿ ತನ್ನದೇ ನೆತ್ತರಿನ ಸದ್ದು.

ಗಾಜಿನಲ್ಲಿ ಅವರ ಮುಖಗಳು ಒತ್ತೊತ್ತಾಗಿ ಕಂಡವು. ಅವಳು ಕೋಣೆಯ ನಡುವೆ ನಿಂತಳು, ತೋಳು ಇಳಿಬಿಟ್ಟು, ಮುಖ ಸಡಿಲ ಮಾಡಿಕೊಂಡು. ಹೇಗೆ ನಿಂತರೆ ಏನು ಅರ್ಥವಾಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆಚೆ ಯಾರೂ ಇರಲಿಲ್ಲ. ಇಲ್ಲಿ ಲೋಟ ಇಲ್ಲ. ವಿರಾಮ ಇಲ್ಲ. ಎಷ್ಟು ಬೇಕಾದರೂ ಕೂಗಬಹುದು, ತುಟಿ ಅಲ್ಲಾಡುವುದು ಕಾಣುತ್ತದೆಯೇ ಹೊರತು ಯಾರಿಗೂ ಕೇಳಿಸುವುದಿಲ್ಲ. ಬೆಳಿಗ್ಗೆಯಿಂದ ಅದುಮಿ ಇಟ್ಟದ್ದನ್ನೆಲ್ಲ ಒಂದು ಸಲ ಹೊರಗೆ ಹಾಕಿಬಿಡೋಣವೆಂದು ಅವಳು ಉಸಿರು ಎಳೆದುಕೊಂಡಳು.

"ಅಧ್ಯಕ್ಷರೇ," ಎಂದಳು. "ತಮ್ಮ ಅನುಮತಿಯಿಂದ ಒಂದು ಮಾತು."

ದನಿ ಏರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಗಂಟಲು ಸಮತಟ್ಟಾಗಿ, ವಿನಯವಾಗಿ, ಕಲಮಿನ ಸಂಖ್ಯೆಯನ್ನು ಹೇಳಿತು.

ಆಗ ದೀಪ ಆರಿತು.

ಕರೆಂಟು ಹೋಯಿತೆಂದುಕೊಂಡಳು. ಆದರೆ ಗಾಜಿನಾಚೆ ಕಾರಿಡಾರು ಬೆಳಗುತ್ತಲೇ ಇತ್ತು. ಆ ಚೌಕದಲ್ಲಿ ಮುಖಗಳು ಮೊದಲಿಗಿಂತ ಸ್ಪಷ್ಟವಾಗಿದ್ದವು. ಸ್ವಲ್ಪ ಹೊತ್ತಿಗೆ ತಿಳಿಯಿತು. ಪ್ರಯೋಗಾಲಯದ ಉಗ್ರಾಣದಲ್ಲೂ ಇಂಥದೇ ದೀಪ: ಒಳಗೆ ಏನಾದರೂ ಅಲ್ಲಾಡಿದರೆ ಹತ್ತುತ್ತದೆ, ಅಲ್ಲಾಡದಿದ್ದರೆ ಯಾರೂ ಇಲ್ಲವೆಂದು ಆರುತ್ತದೆ. ಅವಳು ಅಷ್ಟು ಚೆನ್ನಾಗಿ ನಿಂತಿದ್ದಳು.

ಒಂದು ಕೈ ಎತ್ತಿದಳು. ಸಾಲಲಿಲ್ಲ. ಎರಡೂ ತೋಳುಗಳನ್ನು ತಲೆಯ ಮೇಲೆ ಬೀಸಿದಳು. ದೀಪ ಹತ್ತಿತು. ಗಾಜಿನಾಚೆ ಜೊತೆಗಾತಿ ಬಾಯಿಗೆ ಕೈ ಹಿಡಿದಿದ್ದಳು.

ಅವಳು ತಟ್ಟನೆ ತೋಳು ಇಳಿಸಿದಳು. ಏನೂ ಆಗಿಲ್ಲವೆಂದು ತೋರಿಸುವುದಕ್ಕೆ ಸಣ್ಣಗೆ ನಕ್ಕು, ಅಲ್ಲಾಡದೆ ನಿಂತಳು. ನಗೆ ಮುಗಿಯುವ ಮೊದಲೇ ಮತ್ತೆ ಕತ್ತಲಾಯಿತು.

ಮತ್ತೆ ಬೀಸಿದಳು. ಬೆಳಕು. ಹಿರಿಯ ವೈದ್ಯರು ಅತಿಥಿಗಳ ಕಡೆಗೆ ಬಾಗಿ, ಬೆರಳಿನಿಂದ ಅವಳ ತೋಳುಗಳನ್ನು ಒಂದೊಂದಾಗಿ ತೋರಿಸುತ್ತ ಏನನ್ನೋ ವಿವರಿಸುತ್ತಿದ್ದರು. ಅತಿಥಿಗಳು ತಲೆದೂಗುತ್ತಿದ್ದರು. ಅವಳು ಮುಖವನ್ನು ಆದಷ್ಟು ಶಾಂತವಾಗಿ ಇಟ್ಟುಕೊಂಡು, ಇನ್ನಷ್ಟು ಜೋರಾಗಿ ಕೈ ಬೀಸತೊಡಗಿದಳು.